ದುಡ್ಡು ನಮ್ದು, ಕೀಲಿ ಅವರದು!

ಗೆಳೆಯರೇ, ನೀವೊಂದು ಸೈಕಲ್ ಮೋಟಾರ್ ಕೊಂಡಿರಿ ಅನ್ನಿ. ಹತ್ತು ವರ್ಷದ ಮೇಲೆ ಕಂಪನಿಯವ ಬಂದು, "ಈ ಮಾಡೆಲ್ ನಿಂತಿದೆ, ಚಾವಿ ಕೊಡ್ರಿ, ಇನ್ನು ತಿಂಗಳ ಬಾಡಿಗೆ ಕಟ್ಟಿ ಹೊಸದು ಓಡಿಸ್ರಿ" ಅಂದರೆ ಏನು ಮಾಡ್ತೀರಿ? ಓಣಿಯವರೆಲ್ಲ ಸೇರಿ ಅವನನ್ನು ಬಸ್ ಸ್ಟ್ಯಾಂಡ್ ತನಕ ಬಿಟ್ಟು ಬರ್ತೀರಿ! ಸಾಫ್ಟ್‌ವೇರ್ ಕಂಪನಿ ಅದನ್ನೇ ಮಾಡಿದಾಗ ಮಾತ್ರ ನಮಗೆ ಬಾಯಿಲ್ಲ.

ನಾನು ಬೀದರಿನಲ್ಲಿ ಪ್ರೆಸ್ ನಡೆಸುವವನು. ಓದು ಪಿಯುಸಿಗೆ ನಿಂತಿತು. ಭಾಲ್ಕಿಯ ಲಗ್ನಪತ್ರಿಕೆ, ಔರಾದಿನ ಜಾತ್ರೆ ಕರಪತ್ರ, ರಸೀದಿ ಪುಸ್ತಕ, ಇದೇ ನನ್ನ ಅನ್ನ. ಕನ್ನಡ ಲಿಪಿಯ ಸಾಫ್ಟ್‌ವೇರ್ ಒಂದನ್ನು ಬಿಲ್ ಸಮೇತ ಕೊಂಡಿದ್ದೆ. ಅದರ ಡಾಂಗಲ್ ಹಳೇ ಪ್ರಿಂಟರ್ ಪೋರ್ಟಿಗೇ ಸಿಕ್ಕಿಸಬೇಕು. ಕಂಪ್ಯೂಟರ್ ಸತ್ತಿತು, ಹೊಸದಕ್ಕೆ ಆ ಪೋರ್ಟೇ ಇಲ್ಲ. ಫೋನ್ ಹಚ್ಚಿದರೆ "ಹಳೇದಕ್ಕೆ ಸಪೋರ್ಟ್ ಇಲ್ಲ, ಹೊಸದು ತಗೊಳ್ಳಿ" ಎಂಬ ಉತ್ತರ! ಕದ್ದು ಹಾಕಿಕೊಂಡ ಪಕ್ಕದವನಿಗೆ ಏನೂ ತೊಂದರೆಯಿಲ್ಲ. ಬಿಲ್ ಜೋಪಾನ ಮಾಡಿದ ನಾನೇ ಮೂರ್ಖ.

ಇನ್ನು ದೊಡ್ಡವರ ಕಥೆ ಕೇಳಿ. ಕನ್ನಡದ ಎಷ್ಟೋ ಪ್ರೆಸ್ಸುಗಳು ಬೆಳೆದದ್ದು ಪೇಜ್‌ಮೇಕರ್ ಮೇಲೆ. 2001ರ 7.0ಕ್ಕೆ ಅದು ಮುಗಿಯಿತು. ಅಡೋಬಿ ಕಂಪನಿ ಇನ್‌ಡಿಸೈನ್ ಹಿಡಿಯಿರಿ ಅಂದಿತು. ಅದರಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ನೆಟ್ಟಗೆ ಕೂರಲು 2012ರ ಸಿಎಸ್6 ಬರಬೇಕಾಯಿತು. ಉಸಿರು ಬಿಡುವಷ್ಟರಲ್ಲಿ, 2013ರಲ್ಲಿ, "ಇನ್ನು ಹೊಸ ಆವೃತ್ತಿ ಬಾಡಿಗೆಗೆ ಮಾತ್ರ" ಎಂದು ಘೋಷಣೆ! ಕನ್ನಡ ಬಂದ ಆವೃತ್ತಿಯೇ ಕೊಳ್ಳಬಹುದಾದ ಕೊನೆಯ ಆವೃತ್ತಿಯಾಯಿತು. ಪೇಜ್‌ಮೇಕರ್ ಫೈಲನ್ನು ತೆರೆಯುವ ಕೊನೆಯ ಇನ್‌ಡಿಸೈನ್ ಕೂಡ ಅದೇ. ನಮ್ಮೂರುಗಳ ಸ್ಮರಣ ಸಂಚಿಕೆ, ವಚನ ಪುಸ್ತಕ, ಊರ ಇತಿಹಾಸ ಎಲ್ಲ ಆ ಹಳೇ ಫೈಲುಗಳಲ್ಲಿವೆ. ಆ ಬಾಗಿಲಿನ ಕೀಲಿ ಯಾವುದೋ ದೇಶದ ಆಕ್ಟಿವೇಶನ್ ಸರ್ವರಿನಲ್ಲಿದೆ!

ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಹಾಗೆ ಉಳಿದ ಅಕ್ಷರಕ್ಕೆ ಈಗ ಈ ಗತಿ.

ಪುಕ್ಕಟೆ ಹೊಸ ಸವಲತ್ತು ನಾವು ಕೇಳುತ್ತಿಲ್ಲ. ಕೊಂಡದ್ದು ಮರಳಿ ಇನ್‌ಸ್ಟಾಲ್ ಆಗಬೇಕು, ಅಷ್ಟೇ. ಸರ್ವರ್ ಮುಚ್ಚುವುದಾದರೆ ಕೀಲಿಯಿಲ್ಲದ ಪ್ರತಿ ಕೊಡಲಿ. ಆಗದ ಮಾತೇ? ಸಿಎಸ್2ರ ಸರ್ವರ್ ಮುಚ್ಚಿದಾಗ, 2013ರ ಹೊತ್ತಿಗೆ, ಅದೇ ಅಡೋಬಿ ಕೊಂಡವರಿಗೆಂದು ಅಂಥ ಪ್ರತಿ ಕೊಟ್ಟಿತ್ತಲ್ಲ! ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮು ಕೂಡ, ಕಾನೂನುಬದ್ಧವಾಗಿ ಪ್ರೋಗ್ರಾಮ್ ಹೊಂದಿದವನು ಅದನ್ನು ಪಡೆದ ಉದ್ದೇಶಕ್ಕೆ ಬಳಸಲು, ಕೆಟ್ಟುಹೋದರೆ ಇರಲೆಂದು ಕಾಪಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಕಾಯ್ದೆ ಕೊಟ್ಟ ಕಾಪಿಯನ್ನು ಕೀಲಿ ಕಿತ್ತುಕೊಳ್ಳುತ್ತದೆ.

ಬೆಂಗಳೂರಿನ ಎಸಿ ಆಫೀಸುಗಳಲ್ಲಿ ಇಂಥದೇ ಕೋಡ್ ಬರೆಯುವ ಕನ್ನಡದ ಹುಡುಗ ಹುಡುಗಿಯರೇ, ಮೀಟಿಂಗಿನಲ್ಲಿ ಈ ಮಾತೆತ್ತಿ. ಸರ್ಕಾರ ಸಾಫ್ಟ್‌ವೇರ್ ಕೊಳ್ಳುವ ಪ್ರತಿ ಟೆಂಡರಿನಲ್ಲೂ ಈ ಷರತ್ತು ಹಾಕಿಸಲು ಬೆನ್ನುಹತ್ತಿ. ರಜೆಗೆ ಬಂದಾಗ ನಿಮ್ಮೂರ ಪ್ರೆಸ್ಸಿಗೆ ಹೋಗಿ, ಹಳೇ ಫೈಲುಗಳನ್ನು ಯೂನಿಕೋಡಿಗೆ ಬದಲಿಸಿ ಕೊಡಿ. ಬೀದರಿಗೆ ಬಂದವರಿಗೆ ಚಹಾ ನನ್ನದು.