ನಿಂತ ನೆಲಕ್ಕೂ ಉಬ್ಬರವಿಳಿತ!

ಮಕ್ಕಳೇ, ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಸಮುದ್ರದಲ್ಲಿ ಉಬ್ಬರವಿಳಿತ ಆಗುವುದನ್ನು ನೀವು ಓದಿದ್ದೀರಿ. ಗಟ್ಟಿ ನೆಲಕ್ಕೂ ಉಬ್ಬರವಿಳಿತ ಉಂಟು! ಚಂದಾಪುರದಲ್ಲಿ ನೀವು ನಿಂತ ನೆಲ ದಿನಕ್ಕೆ ಸುಮಾರು ಎರಡು ಬಾರಿ ಏರಿ ಇಳಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಸುಮಾರಿಗೆ ಈ ಏರಿಳಿತ 30 ಸೆಂಟಿಮೀಟರ್ ಮೀರಬಹುದು. ನಮಗೇಕೆ ತಿಳಿಯುವುದಿಲ್ಲ? ಶಾಲೆ, ಕೆರೆ, ಹೆದ್ದಾರಿ ಎಲ್ಲವೂ ನಮ್ಮೊಂದಿಗೇ ಏರಿಳಿಯುತ್ತವೆ.

ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿದೆ. ಭೂಕಂಪಗಳ ಅಧ್ಯಯನಕ್ಕೆ ಈ ಲೆಕ್ಕ ಬೇಕು. ನೆಲದ ಉಬ್ಬರವನ್ನು ಕಳೆಯದಿದ್ದರೆ ಲೆಕ್ಕ ತಪ್ಪುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪಗ್ರಹಗಳ ಸಂಕೇತ ಹಿಡಿದು ನೆಲದ ಸ್ಥಾನ ಅಳೆಯುವ ಕೇಂದ್ರವಿದೆ. 1994ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಜಾಲಕ್ಕೆ ಅದು ಸೇರಿದೆ. ಈ ಜಾಲದ ನೂರಾರು ಕೇಂದ್ರಗಳ ಅಳತೆಗಳು ಎಲ್ಲರಿಗೂ ಉಚಿತ.

'ನಮ್ಮ ಅಳತೆ ನಮಗಷ್ಟೇ ಇರಲಿ' ಎಂದು ಒಂದು ದೇಶ ಹೇಳಬಹುದು. ಅದು ಸರಿಯಲ್ಲ. ಉಪಗ್ರಹ ಎಲ್ಲಿದೆ ಎಂದು ನಿಖರವಾಗಿ ತಿಳಿಯಲು ಭೂಮಿಯ ಹಲವು ಕಡೆಗಳಿಂದ ಅದನ್ನು ಗಮನಿಸಬೇಕು. ಅದು ತಿಳಿಯದಿದ್ದರೆ ನಮ್ಮ ನೆಲದ ಅಳತೆಯೂ ನಿಖರವಾಗದು. ಹಂಚಿಕೊಂಡರೆ ನಮ್ಮ ಅಳತೆಯ ಬೆಲೆಯೇ ಹೆಚ್ಚುತ್ತದೆ.

ನೀವೂ ಶಾಲೆಯಲ್ಲಿ ಮಳೆ ಅಳೆಯಿರಿ. ಇದ್ದದ್ದನ್ನು ಇದ್ದಂತೆ ಬರೆಯಿರಿ. ಪಕ್ಕದೂರಿನ ಶಾಲೆಯ ಅಳತೆಯೊಂದಿಗೆ ಹೋಲಿಸಿ ನೋಡಿ. ವಿಜ್ಞಾನ ಬೆಳೆಯುವುದು ಹೀಗೆಯೇ, ಅಲ್ಲವೇ?