ಹೊಲಿಗೆ ಬಿಚ್ಚಿದ ಮೇಲೂ ಲೆಕ್ಕ ಬೇಕು

ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತು ಎಂದು ಹೇಳುವಾಗ ನುರಿತವರ ಕಣ್ಣೂ ಮೋಸ ಹೋಗುತ್ತದೆ. ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜಿನ ಡಾ. ಶಿವಪ್ರಸಾದ ಗೌಡರ ಅವರಿದ್ದ ತಂಡ 2006ರಲ್ಲೇ ಇದನ್ನು ತೋರಿಸಿಕೊಟ್ಟಿತು. ತಾಯಿಯ ಸೊಂಟದಡಿ ಒಂದು ಪ್ಲಾಸ್ಟಿಕ್ ಹಾಸು. ಅದರ ತುದಿ ಆಲಿಕೆಯಂತೆ ಇಳಿದು ಚೀಲವಾಗುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳು. ಅದರಲ್ಲಿ ಕಂಡ ರಕ್ತಕ್ಕಿಂತ ಕಣ್ಣಂದಾಜು ಶೇ 33ರಷ್ಟು ಕಡಿಮೆಯಿತ್ತು.

ಅದೇ ವರ್ಷ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಬೆಳಗಾವಿ ಜಿಲ್ಲೆಯ ಹಳ್ಳಿಗಳದೇ. 1,620 ಬಾಣಂತಿಯರು ಅದರಲ್ಲಿದ್ದರು. ಹೆರಿಗೆ ಮಾಡಿಸಿದ ನರ್ಸಮ್ಮಂದಿರು ಕೊಟ್ಟ ಮಿಸೊಪ್ರೊಸ್ಟಾಲ್ ಗುಳಿಗೆಯಿಂದ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇಂಥದ್ದೇ ಅಳತೆಯ ಚೀಲ ಹಾಸಿ, ರಕ್ತ ಮಿತಿ ಮೀರಿದೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಶುರು ಮಾಡಿದಾಗ ಗಂಭೀರ ತೊಂದರೆ ಶೇ 60ರಷ್ಟು ತಗ್ಗಿತು.

ರಕ್ತಕ್ಕೆ ಅಳತೆ ಸಿಕ್ಕಿತು. ಹೆರಿಗೆಯ ನಂತರ ಏರುವ ನಂಜಿಗೆ ಇನ್ನೂ ಸಿಕ್ಕಿಲ್ಲ.

ನಂಜು ತಡೆಯುವ ಹಾದಿಯಲ್ಲೂ ಬೆಳಗಾವಿಯ ಪಾಲಿದೆ. ಭಾರತದ ಬೆಳಗಾವಿ, ನಾಗಪುರ ಸೇರಿದಂತೆ ಏಳು ದೇಶಗಳ ಕೇಂದ್ರಗಳಲ್ಲಿ 29 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಸಹಜ ಹೆರಿಗೆಗೆಂದು ಬಂದವರಿಗೆ ನೋವಿನ ಹೊತ್ತಿನಲ್ಲಿ ಒಮ್ಮೆ 2 ಗ್ರಾಂ ಅಜಿಥ್ರೊಮೈಸಿನ್ ಕೊಟ್ಟಾಗ, ತಾಯಿಗೆ ನಂಜೇರುವುದು ಅಥವಾ ಸಾವು ಶೇ 2.4ರಿಂದ ಶೇ 1.6ಕ್ಕೆ ಇಳಿಯಿತು. ಶಿಶುಗಳಿಗೆ ಇಂಥ ಲಾಭ ಕಾಣಲಿಲ್ಲ. ಔಷಧಕ್ಕೆ ರೋಗಾಣು ಒಗ್ಗಿಹೋಗುವ ಭಯವೂ ಇದೆ; ಹೀಗಾಗಿ ಕಂಡಕಂಡಲ್ಲಿ ಹಂಚುವ ಗುಳಿಗೆ ಇದಲ್ಲ.

ಆಪರೇಷನ್ ಹೆರಿಗೆಯಲ್ಲಿ ಅಪಾಯ ಇನ್ನೂ ಹೆಚ್ಚು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಪ್ರಮಾಣ ನಾಲ್ಕನೇ ಸುತ್ತಿನಲ್ಲಿ ಶೇ 23.6 ಇದ್ದದ್ದು ಐದನೆಯದರಲ್ಲಿ ಶೇ 31.5ಕ್ಕೆ ಏರಿದೆ. ಗಾಯ ಕೆಂಪಾಗುವುದು, ಕೀವು ಒಸರುವುದು ಬಹುಪಾಲು ಮನೆಗೆ ಹೋದ ಮೇಲೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕಡೆ ಮನೆ ಎಂದರೆ ಆ ಹೊತ್ತಿಗೆ ತವರುಮನೆ. ಗಂಡನ ಮನೆ ಹುಕ್ಕೇರಿ ತಾಲ್ಲೂಕು, ಆಪರೇಷನ್ ಗೋಕಾಕದಲ್ಲಿ, ಬಾಣಂತನ ಮೂಡಲಗಿ ಕಡೆಯ ಹಳ್ಳಿಯಲ್ಲಿ: ಹೀಗಾದರೆ ಏಳನೇ ದಿನ ಬಾಗಿಲು ತಟ್ಟಬೇಕಾದ ಆಶಾ ಕಾರ್ಯಕರ್ತೆ ಯಾರು? ಬಿಸಿನೀರು, ಕೆಂಡದ ಕಾವು, ಅಂಟಿನುಂಡಿಯ ಆರೈಕೆಯ ನಡುವೆ ಜ್ವರದಿಂದ ಮೈ ಸುಡುತ್ತಿದ್ದರೂ ‘ಎದೆ ಕಟ್ಟಿರಬೇಕು, ತಾನೇ ಇಳಿಯುತ್ತದೆ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಅಕ್ಕರೆಗೆ ಕೊರತೆಯಿಲ್ಲ, ಥರ್ಮಾಮೀಟರ್ ಇಲ್ಲ, ಅಷ್ಟೆ.

ನಿಯಮಗಳು ಕಾಗದದ ಮೇಲೆ ಚೆನ್ನಾಗಿಯೇ ಇವೆ. ಸಿಸೇರಿಯನ್ ಆದವರ ಮನೆಗೆ ಆಶಾ 7, 14, 21, 28 ಮತ್ತು 42ನೇ ದಿನ ಹೋಗಬೇಕು. ಆದರೆ ಆ ಭೇಟಿಗಳ ಹೆಚ್ಚಿನ ಕಾಗದ ಮಗುವಿನ ತೂಕ, ಉಸಿರು, ಹಾಲುಣಿಸುವಿಕೆಗೇ ಮೀಸಲು. ತಾಯಿಯ ಜ್ವರ ಎಷ್ಟು, ಹೊಲಿಗೆ ಒಣಗಿದೆಯೇ, ಸ್ರಾವಕ್ಕೆ ವಾಸನೆ ಇದೆಯೇ ಎಂಬ ಮೂರು ಪ್ರಶ್ನೆಗಳ ಉತ್ತರ ಆಪರೇಷನ್ ಮಾಡಿದ ಆಸ್ಪತ್ರೆಗೇ ಮರಳಬೇಕು. ಮರಳದಿದ್ದರೆ ತಮ್ಮ ಥಿಯೇಟರಿನಿಂದ ಎಷ್ಟು ಗಾಯಗಳು ಕೆಟ್ಟವು ಎಂಬುದು ಶಸ್ತ್ರವೈದ್ಯರಿಗೆ ತಿಳಿಯುವುದಾದರೂ ಹೇಗೆ?

ದುಬಾರಿ ಯಂತ್ರವೇನೂ ಬೇಕಿಲ್ಲ. ಡಿಸ್ಚಾರ್ಜ್ ದಿನವೇ ‘ಬಾಣಂತನ ಯಾವ ಊರಲ್ಲಿ’ ಎಂದು ಕೇಳಿ ತಾಯಿ ಕಾರ್ಡಿನಲ್ಲಿ ಬರೆಯಬೇಕು, ಆ ಊರಿನ ಆಶಾಗೆ ಅಂದೇ ಫೋನ್ ಹೋಗಬೇಕು. ಮೂರೂ ತಾಲ್ಲೂಕುಗಳ ಆರೋಗ್ಯಾಧಿಕಾರಿಗಳು ತಿಂಗಳಿಗೊಮ್ಮೆ ಕೂತು, ಖಾಸಗಿ ಆಸ್ಪತ್ರೆಗಳನ್ನೂ ಸೇರಿಸಿಕೊಂಡು, 42 ದಿನ ತುಂಬಿದ ಪ್ರತಿ ಬಾಣಂತಿಯ ಲೆಕ್ಕ ನೋಡಬೇಕು. ತಮ್ಮ ಮೈಯೊಡ್ಡಿ ಜಗತ್ತಿಗೆ ಪುರಾವೆ ಒದಗಿಸಿದ ಜಿಲ್ಲೆಯ ತಾಯಂದಿರಿಗೆ ಅಷ್ಟನ್ನು ಕೇಳುವ ಹಕ್ಕಿದೆ.