ಅಡಮಾನ ಕೇಳಬೇಡಿ ಅಂದದ್ದು ಕಿವಿಗೆ ಬಿದ್ದಿಲ್ಲವೆ?

ಟಿ. ನರಸೀಪುರದ ಕಡೆ ಐಟಿಐ ಕಲಿತ ಹುಡುಗನೊಬ್ಬ ಮೊಬೈಲಿನಿಂದಲೇ ಪಂಪ್‌ಸೆಟ್ ಚಾಲೂ ಮಾಡುವ ಪೆಟ್ಟಿಗೆ ತಯಾರಿಸಬಲ್ಲ ಎನ್ನಿ. ಐದಾರು ಲಕ್ಷ ಸಾಲ ಬೇಕು. ಬ್ಯಾಂಕಿಗೆ ಹೋದರೆ ಮೊದಲ ಪ್ರಶ್ನೆ: 'ಜಮೀನಿದ್ಯೇನಪ್ಪಾ? ಪಹಣಿ ತಂದಿದ್ದೀಯಾ?' ಜಮೀನು ಇದ್ದಿದ್ದರೆ ಇವರ ಬಾಗಿಲಿಗೆ ಯಾಕೆ ಬರ್ತಿದ್ದ ಸ್ವಾಮಿ!

ಸಣ್ಣ ಉದ್ದಿಮೆಗೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಕೂಡದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಕಟ್ಟಪ್ಪಣೆ ಮಾಡಿದೆ. ಸಾಲ ಮುಳುಗಿದರೆ ನಷ್ಟದ ಬಹುಪಾಲು ತುಂಬಿಕೊಡಲು 2000ದಲ್ಲೇ ಖಾತರಿ ನಿಧಿಯೂ ಹುಟ್ಟಿದೆ. ಮತ್ತೇಕೆ ಅಂಜಿಕೆ?

ಸಬ್ಸಿಡಿ ಕತೆಯೂ ಅಷ್ಟೇ. 2008ರಲ್ಲಿ ಬಂದ ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹಳ್ಳಿಯವರಿಗೆ 25ರಿಂದ 35 ಪರ್ಸೆಂಟ್ ಸಬ್ಸಿಡಿ. ಆ ದುಡ್ಡು ಕೈಗೆ ಸಿಗೋದಲ್ಲ, ಬ್ಯಾಂಕಿನಲ್ಲೇ 3 ವರ್ಷ ಠೇವಣಿಯಾಗಿ ಕೂರೋದು. ಸಾಲವೇ ಮಂಜೂರಾಗದಿದ್ದರೆ ಅದೂ ಇಲ್ಲ. ಬೀಗದ ಕೈ ಮ್ಯಾನೇಜರ್ ಸಾಹೇಬರ ಜೇಬಿನಲ್ಲೇ!

ನಂಜನಗೂಡಿನಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವಿದೆ. ಆದರೂ ಜಿಲ್ಲಾ ಕೈಗಾರಿಕಾ ಕೇಂದ್ರ ನೋಡಬೇಕೆಂದರೆ ಮೈಸೂರು ಬಸ್ಸೇ ಹತ್ತಬೇಕು. ಕೇಂದ್ರದ ಅಧಿಕಾರಿ, ಲೀಡ್ ಬ್ಯಾಂಕಿನವರು ತಿಂಗಳಿಗೊಂದು ದಿನ ಎರಡೂ ತಾಲ್ಲೂಕು ಕಚೇರಿಗಳಲ್ಲಿ ಬಂದು ಕೂರಲಿ. ಹುಡುಗರೂ ಅಷ್ಟೇ, 'ಆಗಲ್ಲ' ಅಂದದ್ದನ್ನು ಬಾಯಲ್ಲಿ ಕೇಳಿಕೊಂಡು ಬರಬಾರದು. ಕಾರಣ ಸಮೇತ ಕಾಗದದ ಮೇಲೆ ಬರೆಸಿಕೊಂಡು ಬರಬೇಕು.